ಮೆಟ್ಟಿಲಲ್ಲಿ ಸೈಕಲ್ ಇಟ್ಟವರು ಯಾರೋ, ಪರಿಹಾರ ಕೊಡಬೇಕಾದ್ದು ಸಂಘವೇ? ಟಾರ್ಟ್ ಟಿಪ್ಪಣಿ

ಟಾರ್ಟ್ ಅಂದರೆ ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗಾದ ಹಾನಿಗೆ ಸಿವಿಲ್ ಪರಿಹಾರ ಕೊಡಿಸುವ ಕಾನೂನು. ಈ ಟಿಪ್ಪಣಿಗೆ ನಾನೇ ಕಟ್ಟಿಕೊಂಡ ಪ್ರಶ್ನೆ ಇದು. ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರು ತುರ್ತು ಮೆಟ್ಟಿಲಿನ ತಿರುವಿನಲ್ಲಿ ಹಳೇ ಸೈಕಲ್ಲು, ಚಪ್ಪಲಿ ಸ್ಟ್ಯಾಂಡು ಇಟ್ಟಿದ್ದಾರೆ. ಇಡಬಾರದು ಎಂದು ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಇದೆ. ಮಾಲೀಕರ ಸಂಘದ ಕಾರ್ಯದರ್ಶಿ ವಾಟ್ಸಾಪ್ ಗ್ರೂಪಿನಲ್ಲಿ ಒಂದೆರಡು ಸಲ ಹೇಳಿ ಸುಮ್ಮನಾಗಿದ್ದಾರೆ. ಹೀಗೇ ಆರು ತಿಂಗಳು ಕಳೆಯುತ್ತದೆ. ಒಂದು ರಾತ್ರಿ ಮೀಟರ್ ಬೋರ್ಡಿಗೆ ಬೆಂಕಿ ಹತ್ತುತ್ತದೆ. ಐದನೇ ಮಹಡಿಯ ಮಹಿಳೆಯೊಬ್ಬರು ಹೊಗೆಯಲ್ಲಿ ಇಳಿಯುವಾಗ ಆ ಸೈಕಲ್ಲಿಗೆ ಎಡವಿ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಹೊಣೆ ಯಾರದು?

ನಿರ್ಲಕ್ಷ್ಯದ ಮೂಲ ಅಂಶಗಳು, ಅಂದರೆ ಕರ್ತವ್ಯ, ಉಲ್ಲಂಘನೆ, ಹಾನಿ, ಎಲ್ಲರಿಗೂ ಗೊತ್ತಿರುವುದರಿಂದ ಮತ್ತೆ ಬರೆಯುವುದಿಲ್ಲ.

ಸಂಘಕ್ಕೆ ಕರ್ತವ್ಯ ಎಲ್ಲಿಂದ ಬಂತು?

ಮೊದಲು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯನ್ನು ನೋಡಿ. ಘೋಷಣಾ ಪತ್ರ ಮಾಡಿ ಈ ಕಾಯ್ದೆಗೆ ಒಳಪಟ್ಟ ಕಟ್ಟಡದಲ್ಲಿ ಪ್ರತಿ ಮಾಲೀಕನೂ ಬೈಲಾ ಪಾಲಿಸಲೇಬೇಕು. ಮುರಿದರೆ ಸಂಘದ ಪರವಾಗಿ ವ್ಯವಸ್ಥಾಪಕ ಅಥವಾ ಆಡಳಿತ ಮಂಡಳಿ ನಷ್ಟ ಪರಿಹಾರ ಕೇಳಬಹುದು, ತಡೆಯಾಜ್ಞೆ ಕೇಳಬಹುದು, ಎರಡನ್ನೂ ಕೇಳಬಹುದು. ಸಾಮಾನ್ಯ ಪ್ರದೇಶದ (ಮೆಟ್ಟಿಲಿನಂಥ, ಎಲ್ಲರೂ ಬಳಸುವ ಜಾಗದ) ದುರಸ್ತಿಗೆ, ತುರ್ತು ಕೆಲಸಕ್ಕೆ ಮನೆಯೊಳಗೇ ಹೋಗುವ ಹಕ್ಕು ಕೂಡ ಸಂಘಕ್ಕಿದೆ. ಮನೆಯೊಳಗೆ ಹೋಗುವ ಅಧಿಕಾರ ಇರುವವರು ಮೆಟ್ಟಿಲ ಮೇಲಿನ ಸೈಕಲ್ ತೆಗೆಸಲು ಅಧಿಕಾರವಿರಲಿಲ್ಲ ಎಂದರೆ ನ್ಯಾಯಾಲಯ ಒಪ್ಪುವುದು ಕಷ್ಟ.

ಕಟ್ಟಡ ಯಾರ ಹಿಡಿತದಲ್ಲಿದೆಯೋ ಅವರದೇ ಎಚ್ಚರಿಕೆ ಎನ್ನುವುದಕ್ಕೆ ದೆಹಲಿ ನಗರಪಾಲಿಕೆ ವಿರುದ್ಧ ಸುಭಗವಂತಿ ಪ್ರಕರಣ (1966) ಸಾಕು. ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದಾಗ, ದೋಷ ಕಣ್ಣಿಗೆ ಬೀಳುವಂತಿರಲಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ನಮ್ಮ ಸೈಕಲ್ಲಂತೂ ದಿನವೂ ಎಲ್ಲರ ಕಣ್ಣೆದುರೇ ಇತ್ತು.

ಹೊರದೇಶದ ಒಂದು ಪ್ರಕರಣವನ್ನೂ ಸೇರಿಸಿಕೊಳ್ಳಿ, ಏಕೆಂದರೆ ಅದರಲ್ಲಿ ನಿಯಮ ಮುರಿದದ್ದೇ ಸುರಕ್ಷತೆಗಾಗಿ. ಲಾಸ್ ಏಂಜಲೀಸಿನ ವಿಲೇಜ್ ಗ್ರೀನ್ ವಸತಿ ಸಮುಚ್ಚಯದಲ್ಲಿ ಅಪರಾಧಗಳು ಹೆಚ್ಚಿದ್ದವು. ಮಾಲೀಕಳೊಬ್ಬಳು ಅನುಮತಿ ಇಲ್ಲದೆ ಮನೆಯ ಹೊರಗೆ ದೀಪ ಹಾಕಿಸಿಕೊಂಡಳು. ಸಂಘ ತೆಗೆಯಲು ಹೇಳಿತು. ದೀಪ ಆರಿಸಿದ ರಾತ್ರಿಯೇ ಅವಳ ಮೇಲೆ ದಾಳಿಯಾಯಿತು. 1986ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು, ಸಾಮಾನ್ಯ ಪ್ರದೇಶದ ಮಟ್ಟಿಗೆ ಸಂಘದ ಹೊಣೆಯನ್ನು ಬಾಡಿಗೆ ಕೊಟ್ಟ ಮನೆ ಮಾಲೀಕನ ಹೊಣೆಯಂತೆ ನೋಡಬಹುದು, ನಿರ್ದೇಶಕರ ಮೇಲೂ ವೈಯಕ್ತಿಕವಾಗಿ ದಾವೆ ನಡೆಯಬಹುದು ಎಂದಿತು. ಉತ್ತರ ಬರೆಯುವಾಗ ಒಂದು ಎಚ್ಚರ: ಅಲ್ಲಿ ತೀರ್ಮಾನವಾದದ್ದು ದಾವೆ ಮುಂದುವರಿಯಬಹುದು ಎಂಬುದಷ್ಟೇ. ಸಂಘ ತಪ್ಪಿತಸ್ಥ ಎಂಬ ಅಂತಿಮ ತೀರ್ಪು ಅದಲ್ಲ.

ನಡುವೆ ಬಂದ ಮೂರನೆಯವರ ತಪ್ಪು

ಇಲ್ಲೇ ನಾನು ಬಹಳ ಹೊತ್ತು ಸಿಕ್ಕಿಕೊಂಡಿದ್ದು. ಸಂಘದ ವಕೀಲರು ಹೇಳುವುದು ಇಷ್ಟೇ: “ಸೈಕಲ್ ಇಟ್ಟದ್ದು ನಾವಲ್ಲ, ಬೇರೆಯವರ ತಪ್ಪು ನಡುವೆ ಬಂದು ಕಾರಣದ ಸರಪಳಿ ತುಂಡಾಯಿತು.” ಕುರ್ಬಾನ್ ಹುಸೇನ್ ಪ್ರಕರಣ (1965) ಓದಿದವರಿಗೆ ಈ ವಾದ ಸರಿ ಎನಿಸಿಬಿಡುತ್ತದೆ. ಅಲ್ಲಿ ಬಣ್ಣ ತಯಾರಿಸುವ ಕಾರ್ಖಾನೆಯ ವ್ಯವಸ್ಥಾಪಕ, ಟರ್ಪೆಂಟೈನ್ ಇಟ್ಟಿದ್ದ ಜಾಗದಲ್ಲೇ ಉರಿಯುವ ಒಲೆಗಳಿಗೆ ಅವಕಾಶ ಕೊಟ್ಟಿದ್ದ. ಕೆಲಸಗಾರನೊಬ್ಬ ಅವಸರದಲ್ಲಿ ಟರ್ಪೆಂಟೈನ್ ಸುರಿದ, ಬೆಂಕಿ ಹಬ್ಬಿತು, ಕಾರ್ಮಿಕರು ಸತ್ತರು. ಸಾವಿಗೆ ನೇರ ಕಾರಣ ಆ ಅವಸರದ ಸುರಿತ ಎಂದು ಸುಪ್ರೀಂ ಕೋರ್ಟ್ ವ್ಯವಸ್ಥಾಪಕನನ್ನು ದಂಡ ಸಂಹಿತೆಯ 304ಎ ಕಲಮಿನಿಂದ (ನಿರ್ಲಕ್ಷ್ಯದಿಂದ ಸಾವು ತಂದ ಅಪರಾಧ) ಬಿಡುಗಡೆ ಮಾಡಿತು.

ಆದರೆ ಅದು ಕ್ರಿಮಿನಲ್ ಪ್ರಕರಣ. 304ಎಗೆ ಬೇಕಾದದ್ದು ಸಾವಿನ ನೇರವಾದ, ಹತ್ತಿರದ ಕಾರಣ. ಸಿವಿಲ್ ಪರಿಹಾರದಲ್ಲಿ ಕೇಳುವ ಪ್ರಶ್ನೆಯೇ ಬೇರೆ: ಆ ಮೂರನೆಯವರ ತಪ್ಪು ಮೊದಲೇ ಊಹಿಸಬಹುದಾದದ್ದೇ? ಊಹಿಸಬಹುದಾಗಿದ್ದರೆ, ಅದನ್ನು ತಡೆಯುವುದೇ ಸಂಘದ ಕರ್ತವ್ಯವಾಗಿದ್ದರೆ, ಸರಪಳಿ ತುಂಡಾಗುವುದಿಲ್ಲ. ಮೆಟ್ಟಿಲಲ್ಲಿ ಸಾಮಾನು ಇಡಬಾರದು ಎಂದು ಸಂಘವೇ ಬೈಲಾ ಬರೆದುಕೊಂಡಿದೆ. ಯಾರಾದರೂ ಇಟ್ಟಾರು, ಇಟ್ಟರೆ ಯಾರಾದರೂ ಬಿದ್ದಾರು ಎಂದು ಗೊತ್ತಿದ್ದೇ ತಾನೇ ಆ ನಿಯಮ ಬಂದದ್ದು? ಹೀಗಾಗಿ ಸಂಘ ತನ್ನ ರಕ್ಷಣೆಗೆ ತೋರಿಸುವ ಬೈಲಾವೇ ಅದರ ವಿರುದ್ಧದ ಮೊದಲ ಸಾಕ್ಷಿ. ಈ ಒಂದು ಹೆಜ್ಜೆ ಹಿಡಿದರೆ ಉಳಿದದ್ದು ಸಲೀಸು.

ಕುರ್ಬಾನ್ ಹುಸೇನ್ ಪ್ರಕರಣದಲ್ಲೂ ವ್ಯವಸ್ಥಾಪಕ ಪೂರ್ತಿ ಪಾರಾಗಲಿಲ್ಲ. ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯಕ್ಕಾಗಿ 285ನೇ ಕಲಮಿನ ಶಿಕ್ಷೆ ಉಳಿಯಿತು. ಅಂದರೆ ಅಪಾಯವನ್ನು ಹಾಗೇ ಬಿಟ್ಟದ್ದು ತಪ್ಪೇ ಎಂದಾಯಿತು.

ನಾನು ಬಳಸುವ ಸೂತ್ರ ಹಿಡಿತ, ಅರಿವು, ಅವಕಾಶ. ಜಾಗ ಸಂಘದ ಹಿಡಿತದಲ್ಲಿತ್ತೇ? ಅಡ್ಡಿ ಇರುವುದು ಗೊತ್ತಿತ್ತೇ, ಅಥವಾ ಗೊತ್ತಾಗಬೇಕಿತ್ತೇ? ತೆಗೆಸಲು ಸಮಯವಿತ್ತೇ? ನಮ್ಮ ಪ್ರಶ್ನೆಯಲ್ಲಿ ಮೂರಕ್ಕೂ ಹೌದು. ಪ್ರಶ್ನೆಯನ್ನು ಸ್ವಲ್ಪ ತಿರುಚಿ ನೋಡಿ: ಸೈಕಲ್ ಇಟ್ಟದ್ದು ಬೆಂಕಿ ಬೀಳುವ ಹತ್ತು ನಿಮಿಷ ಮೊದಲು ಎಂದರೆ ಅರಿವೂ ಇಲ್ಲ, ಅವಕಾಶವೂ ಇಲ್ಲ. ಆಗ ಇಟ್ಟವರೊಬ್ಬರದೇ ಹೊಣೆ. ವಾಟ್ಸಾಪ್ ಸಂದೇಶವಂತೂ ಸಂಘವನ್ನು ಉಳಿಸುವ ಬದಲು ಅರಿವು ಇತ್ತೆಂದು ಸಾಬೀತು ಮಾಡುತ್ತದೆ.

ಉಪಹಾರ್: ಪಾಲು ಹೇಗೆ ಹಂಚುತ್ತಾರೆ

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಬೆಂಕಿ ಹುಟ್ಟಿದ್ದು ಟ್ರಾನ್ಸ್‌ಫಾರ್ಮರಿನಲ್ಲಿ. ಹೆಚ್ಚುವರಿ ಸೀಟು ಹಾಕಿ ಹೊರದಾರಿ ಮುಚ್ಚಿದ್ದರಿಂದ ಜನ ಹೊರಬರಲಾಗಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಚಿತ್ರಮಂದಿರದವರಿಗೆ ಶೇ. 85, ವಿದ್ಯುತ್ ಮಂಡಳಿಗೆ ಶೇ. 15 ಎಂದು ಹೊಣೆ ಹಂಚಿತು. ನಗರಪಾಲಿಕೆಯನ್ನೂ ಪರವಾನಗಿ ಪ್ರಾಧಿಕಾರವನ್ನೂ ಬಿಟ್ಟಿತು. ಸಂಘವನ್ನು ಪರವಾನಗಿ ಪ್ರಾಧಿಕಾರಕ್ಕೆ ಹೋಲಿಸಿ ಬಿಡುಗಡೆ ಕೊಡಿಸುವ ಉತ್ತರ ಬರೆಯಬೇಡಿ. ಸಂಘ ದೂರದಲ್ಲಿ ಕೂತು ಪರವಾನಗಿ ಕೊಡುವ ಕಚೇರಿಯಲ್ಲ, ಜಾಗವನ್ನೇ ನೋಡಿಕೊಳ್ಳುವವರು. ಅದು ಚಿತ್ರಮಂದಿರದವರ ಕಡೆಗೇ ಹೆಚ್ಚು ಹತ್ತಿರ.

ಬಿದ್ದವರು ಯಾರು ಎಂದು ನೋಡಿ

ಐದನೇ ಮಹಡಿಯ ಮಹಿಳೆಯ ತಪ್ಪೇನೂ ಇಲ್ಲ, ಆದ್ದರಿಂದ ಇದು ಸಂಯುಕ್ತ ನಿರ್ಲಕ್ಷ್ಯ, ಅಂದರೆ ಸಂಘ ಮತ್ತು ಸೈಕಲ್ಲಿನವರು ಇಬ್ಬರ ತಪ್ಪೂ ಸೇರಿ ಬೇರೊಬ್ಬರಿಗೆ ಆದ ಹಾನಿ. ಸುಪ್ರೀಂ ಕೋರ್ಟಿನ ಖೆನ್ಯೇಯಿ ಪ್ರಕರಣದ (2015) ಪ್ರಕಾರ ಅವರು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಪರಿಹಾರ ವಸೂಲಿ ಮಾಡಬಹುದು. ಕೊಟ್ಟ ಸಂಘ ಆಮೇಲೆ ಸೈಕಲ್ಲಿನವರ ಪಾಲನ್ನು ಅವರಿಂದ ಕೇಳಬೇಕು. ಖೆನ್ಯೇಯಿ ಮೋಟಾರು ಅಪಘಾತದ ಪ್ರಕರಣ, ತತ್ವ ಮಾತ್ರ ಇಲ್ಲಿಗೂ ಹೊಂದುತ್ತದೆ. ಸೈಕಲ್ ಇಟ್ಟವರೇ ಎಡವಿ ಬಿದ್ದರೆ ಅದು ಸಹಭಾಗಿ ನಿರ್ಲಕ್ಷ್ಯ (ಹಾನಿಯಾದವರದ್ದೂ ತಪ್ಪಿನಲ್ಲಿ ಪಾಲು), ಅವರ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ.

ಸಾವು ಸಂಭವಿಸಿದ್ದರೆ 304ಎ ಬದಲು ಈಗ ಭಾರತೀಯ ನ್ಯಾಯ ಸಂಹಿತೆಯ 106(1), ಗರಿಷ್ಠ 5 ವರ್ಷ. 2024ರ ಜುಲೈ 1ರಿಂದ ಇದೇ ಜಾರಿಯಲ್ಲಿದೆ. ಅಲ್ಲಿ ಮಾತ್ರ ಕುರ್ಬಾನ್ ಹುಸೇನ್ ವಾದವನ್ನು ಹೊರತೆಗೆಯಿರಿ.

ಸೈಕಲ್ ಬಾಡಿಗೆದಾರರದ್ದಾದರೆ? 1972ರ ಕಾಯ್ದೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಆದ್ದರಿಂದ ಸಂಘದ ನೋಟಿಸು ಮಾಲೀಕರಿಗೂ ಹೋಗಬೇಕು, ಬಾಡಿಗೆದಾರರಿಗೂ ಹೋಗಬೇಕು.