ಪದ ಪರಿಚಯ: ಆರ್ಥಿಕ ದೌರ್ಜನ್ಯ

‘ಹೊಡ್ದಿಲ್ಲ, ಬಡ್ದಿಲ್ಲ, ಕುಡಿಯೋ ಚಟಾನೂ ಇಲ್ಲ. ಇನ್ನೇನವ್ವ ಕಷ್ಟ ನಿಂಗೆ?’ ಮಂಡ್ಯ ಕಡೆ ಗಂಡ ಹೆಂಡತಿ ಜಗಳಕ್ಕೆ ಹಿರಿಯರು ನ್ಯಾಯ ಹೇಳೋಕೆ ಕೂತಾಗ ಈ ಮಾತು ಬಂದೇ ಬರುತ್ತದೆ. ಮೈಮೇಲೆ ಬಾಸುಂಡೆ ಇದ್ದರೆ ಮಾತ್ರ ದೌರ್ಜನ್ಯ ಅಂತ ನಾವು ನಂಬಿಬಿಟ್ಟಿದ್ದೇವೆ. ಬಾಸುಂಡೆ ಏಳದ ಏಟಿಗೂ ಕಾನೂನಿನಲ್ಲಿ ಹೆಸರಿದೆ. ಅದು ಆರ್ಥಿಕ ದೌರ್ಜನ್ಯ.

ದುಡ್ಡು, ಒಡವೆ, ಮನೆ, ದುಡಿಮೆ ಇವುಗಳಲ್ಲಿ ಹೆಣ್ಣಿಗೆ ಸಲ್ಲಬೇಕಾದ್ದನ್ನು ಕೊಡದೆ, ಅಥವಾ ಅವಳ ಕೈಯಲ್ಲಿದ್ದದ್ದನ್ನು ಕಿತ್ತುಕೊಂಡು, ಅವಳನ್ನು ಹಿಡಿತದಲ್ಲಿ ಇಟ್ಟುಕೊಳ್ಳುವುದು ಅಂತ ಇದರ ಅರ್ಥ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ ಜಾರಿಗೆ ಬಂದಿದ್ದು 2006ರ ಅಕ್ಟೋಬರ್ 26ರಂದು. ಅದರ 3ನೇ ಸೆಕ್ಷನ್‌ನಲ್ಲಿ ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ ದೌರ್ಜನ್ಯದ ಸಾಲಿನಲ್ಲೇ ಆರ್ಥಿಕ ದೌರ್ಜನ್ಯವೂ ಇದೆ. ಹೊಡೆತಕ್ಕಿಂತ ಒಂದು ಮೆಟ್ಟಿಲು ಕೆಳಗೆ ಅಂತೇನೂ ಇಟ್ಟಿಲ್ಲ.

ಮದ್ದೂರು ಹತ್ತಿರ ನಮ್ಮ ಸೋದರತ್ತೆ ಊರಿದೆ. ಒಂದು ಸಂಜೆ ಪಕ್ಕದ ಮನೆ ಅಕ್ಕನ ಜೊತೆ ಡೈರಿಗೆ ಹೋಗಿದ್ದೆ. ಎರಡು ಹಸುವಿನ ಹಾಲು. ಮೇವು ಕೊಯ್ಯೋದು, ಸಗಣಿ ಬಾಚೋದು, ಹಾಲು ಕರೆಯೋದು ಎಲ್ಲಾ ಅವರೇ. ಯಾವ ಹಸು ಎಷ್ಟು ಲೀಟರ್ ಕೊಡುತ್ತೆ, ಹಿಂಡಿ ಬದಲಾಯಿಸಿದರೆ ಫ್ಯಾಟ್ ಎಷ್ಟು ಏರುತ್ತೆ ಅನ್ನೋದು ಬಾಯಿಪಾಠ. ‘ಬಟವಾಡೆ ಎಷ್ಟು ಬರುತ್ತೆ ಅಕ್ಕ?’ ಅಂದೆ. ‘ನಂಗೇನ್ ಗೊತ್ತವ್ವ? ಅವ್ರ ಅಕೌಂಟ್‌ಗೆ ಬೀಳ್ತದೆ’ ಅಂದರು. ತಲೆನೋವಿನ ಮಾತ್ರೆಗೆ ಹತ್ತು ರೂಪಾಯಿ ಬೇಕು ಅಂದರೂ ಗಂಡನನ್ನೇ ಕೇಳಬೇಕು, ಮಿಕ್ಕ ಚಿಲ್ಲರೆ ವಾಪಸ್ ಕೊಡಬೇಕು. ಹಾಲಿನ ಕ್ಯಾನ್ ಹೊತ್ತು ಹೊತ್ತು ಅವರ ಬಲಗೈ ಬೆರಳುಗಳ ಬುಡ ಗಂಟು ಕಟ್ಟಿತ್ತು.

ಇಂಥ ಉದಾಹರಣೆ ಹುಡುಕೋಕೆ ದೂರ ಹೋಗಬೇಕಿಲ್ಲ. ಮನೆಯೊಡತಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಹಾಕುವ ಗೃಹಲಕ್ಷ್ಮಿಗೆ ಚಾಲನೆ ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ, 2023ರ ಆಗಸ್ಟ್ 30ರಂದು. ಖಾತೆ ಅವಳದು. ಆದರೆ ಎಟಿಎಂ ಕಾರ್ಡ್ ಗಂಡನ ಜೇಬಲ್ಲಿದ್ದರೆ? ಪಿನ್ ನಂಬರ್ ಅವನಿಗೆ ಮಾತ್ರ ಗೊತ್ತಿದ್ದರೆ? ಇನ್ನು ಸಂಘದ ಸಾಲ. ಹೆಂಡತಿ ಹೆಸರಲ್ಲಿ ಎತ್ತಿಸಿ, ದುಡ್ಡು ತಾನು ತಗೊಂಡು, ಕಂತು ಕಟ್ಟುವ ದಿನ ಅವಳನ್ನು ಮುಂದೆ ನಿಲ್ಲಿಸೋ ಗಂಡಸರು ಎಷ್ಟು ಊರಲ್ಲಿಲ್ಲ!

ಒಡವೆ ವಿಷಯ ಬಂದರೆ ನನಗೆ ಹೊಟ್ಟೆ ಉರಿಯುತ್ತದೆ. ತವರಿನವರು ಕೊಟ್ಟ ಸರವನ್ನು ಹೇಳದೆ ಕೇಳದೆ ಗಿರವಿ ಇಟ್ಟು, ‘ಮನೆಗೋಸ್ಕರ ತಾನೆ?’ ಅಂತಾರೆ. ಸ್ತ್ರೀಧನ ಹೆಣ್ಣಿನದೇ ಸ್ವಂತ ಆಸ್ತಿ, ಗಂಡನ ಕೈಗೆ ಕೊಟ್ಟಿದ್ದರೂ ಅವನು ಬರೀ ಕಾಪಾಡಿಕೊಳ್ಳುವವನು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಅದಕ್ಕೂ ಬಹಳ ಮುಂಚೆ, 1933ರಲ್ಲಿ, ಮೈಸೂರು ಸಂಸ್ಥಾನ ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆ ಅಂತಲೇ ಒಂದು ಕಾಯ್ದೆ ತಂದು, ಸ್ತ್ರೀಧನ ಅಂದರೆ ಏನೇನು ಅಂತ ಬರೆದಿಟ್ಟಿತ್ತು. ಅಷ್ಟು ಹಳೆಯ ಹಕ್ಕು ನಮ್ಮ ಮನೆಯ ಬೀರು ತನಕ ಇನ್ನೂ ಬಂದಿಲ್ಲ.

ಒಂದು ಮಾತು ಬಿಡಿಸಿ ಹೇಳಬೇಕು. ಬಡತನ ಬೇರೆ, ಇದು ಬೇರೆ. ಕಬ್ಬಿನ ಬಾಕಿ ಬರದೆ ಇಬ್ಬರೂ ಕೈ ಹಿಡಿದು ಖರ್ಚು ಮಾಡಿದರೆ ಅದು ದೌರ್ಜನ್ಯ ಅಲ್ಲ. ದುಡ್ಡಿದ್ದೂ ಅವಳಿಗೆ, ಮಕ್ಕಳಿಗೆ ಕೊಡದೆ ಸತಾಯಿಸಿದರೆ, ಅವಳ ಸಂಬಳ ಕಿತ್ತುಕೊಂಡರೆ, ಕೆಲಸಕ್ಕೆ ಹೋಗದಂತೆ ತಡೆದರೆ, ಮನೆಯಿಂದ ಆಚೆ ಹಾಕಿದರೆ ಅದು ದೌರ್ಜನ್ಯ. ಹೆಂಡತಿಗೆ ಮಾತ್ರ ಅನ್ವಯ ಅಂತಲೂ ತಿಳಿಯಬೇಡಿ. ಒಂದೇ ಸೂರಿನಡಿ ಬಾಳಿದ ತಾಯಿ, ಅಕ್ಕ ತಂಗಿ, ವಿಧವೆ ಸೊಸೆ ಕೂಡ ಈ ಕಾಯ್ದೆಯಡಿ ದೂರು ಕೊಡಬಹುದು. ಅಮ್ಮನ ವೃದ್ಧಾಪ್ಯ ವೇತನವನ್ನು ತಿಂಗಳು ತಿಂಗಳು ಕಿತ್ತುಕೊಳ್ಳೋ ಮಗನಿಗೂ ಇದೇ ಪದ.

ದೂರು ಅಂದ ಕೂಡಲೇ ಪೊಲೀಸ್ ಠಾಣೆ, ಜೈಲು ಅಂತ ಹೆದರಿ ಎಷ್ಟೋ ಜನ ಹಿಂದೆ ಸರೀತಾರೆ. ಈ ಕಾಯ್ದೆಯ ದಾರಿ ಬೇರೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಅವರು ನಡೆದದ್ದನ್ನು ಬರೆದುಕೊಂಡು ಮ್ಯಾಜಿಸ್ಟ್ರೇಟ್‌ಗೆ ವರದಿ ಕೊಡುತ್ತಾರೆ. ಮನೆಯಿಂದ ಹೊರಹಾಕಬಾರದು, ಒಡವೆ ವಾಪಸ್ ಕೊಡಬೇಕು, ಖರ್ಚಿಗೆ ಹಣ ಕೊಡಬೇಕು ಅಂತ ಕೋರ್ಟು ಆದೇಶ ಮಾಡಬಹುದು. ರಕ್ಷಣಾ ಆದೇಶ ಮೀರಿದರೆ ಮಾತ್ರ ಅಪರಾಧ: ಒಂದು ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಸಮಿತಿಯಿಂದ ವಕೀಲರ ನೆರವು ಉಚಿತ. ಫೋನಿನಲ್ಲಿ ಸಹಾಯ ಬೇಕಿದ್ದರೆ 181.

ಮುಂದಿನ ಸಲ ಊರಿಗೆ ಹೋದಾಗ ಆ ಅಕ್ಕನಿಗೆ ಕಾಯ್ದೆಯ ನಮೂನೆಯಲ್ಲಿರೋ ಪಟ್ಟಿ ಓದಿ ಹೇಳಿದೆ. ಖರ್ಚಿಗೆ ಹಣ ಕೊಡದಿರುವುದು, ದುಡಿದ ಹಣ ಕಿತ್ತುಕೊಳ್ಳುವುದು, ಸ್ತ್ರೀಧನ ಮಾರುವುದು ಅಂತ ಒಂದೊಂದಾಗಿ ಓದುತ್ತಿದ್ದೆ. ಅವರು ಸೊಪ್ಪು ಬಿಡಿಸೋದನ್ನು ನಿಲ್ಲಿಸಿದರು.

‘ಇದನ್ನೂ ಬರ್ಕೋತಾರಾ?’

‘ಬರ್ಕೋತಾರೆ ಅಕ್ಕ. ಆಫೀಸ್ ಎಲ್ಲಿದೆ ಅಂತ ಅಂಗನವಾಡಿ ಟೀಚರ್‌ಗೆ ಗೊತ್ತಿರುತ್ತೆ.’