ಶಾರ್ಟ್ ಬೆಡ್ ಪಿಕಪ್‌ಗೆ ಯಾವ ಫಿಫ್ತ್ ವೀಲ್ ಹಿಚ್ ತಗೊಳ್ಳಲಿ?

ಪ್ರಶ್ನೆ: ಸರ್, ನಾವು ಟೆಕ್ಸಾಸ್‌ನ ಆಸ್ಟಿನ್ ಹತ್ತಿರ ಇದ್ದೇವೆ. ಮುಕ್ಕಾಲು ಟನ್ ದರ್ಜೆಯ ಡೀಸೆಲ್ ಪಿಕಪ್ ಇದೆ, ಹಿಂದಿನ ಸಾಮಾನು ತೊಟ್ಟಿ, ಅಂದರೆ ಬೆಡ್, ಆರೂವರೆ ಅಡಿ. ಬೆಡ್ ಒಳಗಿನ ಕೊಂಡಿಗೆ (ಹಿಚ್) ಮೂತಿ ಕೂರಿಸಿ ಎಳೆಯುವ ಹಳೆಯ ಫಿಫ್ತ್ ವೀಲ್ ಟ್ರೇಲರ್ ಒಂದನ್ನು ನೋಡಿ ಬಂದಿದ್ದೇವೆ. ಅದರ ಮೇಲೆ 12,000 ಪೌಂಡ್ ಎಂದು ಬರೆದಿದೆ. ಒಬ್ಬರು ಹಿಂದಕ್ಕೆ ಸರಿಯುವ ಸ್ಲೈಡರ್ ಹಿಚ್ಚೇ ಬೇಕು ಅಂತಾರೆ, ಇನ್ನೊಬ್ಬರು ಅದು ದಂಡ ಅಂತಾರೆ. ಯಾವುದು ತಗೊಳ್ಳಲಿ? ಮನೆಯಲ್ಲೇ ನಾನೇ ಕೂರಿಸಬಹುದಾ?

ಉತ್ತರ: ಹಿಚ್ ಅಂಗಡಿಗೆ ಹೋಗುವುದಕ್ಕೆ ಮೊದಲು ನಿಮ್ಮ ಟ್ರಕ್ಕಿನ ಡ್ರೈವರ್ ಬಾಗಿಲು ತೆಗೆಯಿರಿ. ಬಾಗಿಲ ಕಂಬದ ಮೇಲೆ ಹಳದಿ ಪಟ್ಟಿಯ ಒಂದು ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಎಲ್ಲ ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತದೆ. ಆ ಒಂದು ಅಂಕಿ ಬರೆದುಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಯಾಕೆ ಅಂದರೆ, ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುವುದು ಟ್ರಕ್ ಎಷ್ಟು ಎಳೆಯುತ್ತದೆ ಅನ್ನುವ ಲೆಕ್ಕ. ಫಿಫ್ತ್ ವೀಲ್‌ನಲ್ಲಿ ಟ್ರಕ್ ಎಳೆದರೆ ಸಾಲದು, ಹೊರಲೂಬೇಕು. ಊರಿನಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಭಾರ ಹಿಂದಕ್ಕೆ ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕುತ್ತಿಗೆ ಬಿಡುತ್ತದೆ. ಮುಂದಕ್ಕೆ ಜಾಸ್ತಿಯಾದರೆ ಎತ್ತು ಬಗ್ಗಿಹೋಗುತ್ತದೆ. ಫಿಫ್ತ್ ವೀಲ್ ಮಾಡುವವರು ಬೇಕೆಂದೇ ಒಂದು ಪಾಲು ಭಾರವನ್ನು ಎತ್ತಿನ ಮೇಲೆ, ಅಂದರೆ ಟ್ರಕ್ಕಿನ ಹಿಂದಿನ ಆಕ್ಸಲ್ ಮೇಲೆ, ಹಾಕುತ್ತಾರೆ. ಬಂಪರ್ ಹಿಂದೆ ಬಾಲ್‌ಗೆ ಕಟ್ಟುವ ಟ್ರೇಲರ್‌ಗಳಲ್ಲಿ ಈ ಪಾಲು ನೂರಕ್ಕೆ 10ರಿಂದ 15. ಫಿಫ್ತ್ ವೀಲ್‌ನಲ್ಲಿ 15ರಿಂದ 25. ಹೆದ್ದಾರಿಯಲ್ಲಿ ಅದು ಬಾಲ ಅಲ್ಲಾಡಿಸದೆ ನೆಟ್ಟಗೆ ಬರುವುದಕ್ಕೆ ಇದೇ ಕಾರಣ. ಪಿಕಪ್ ಸೋಲುವುದಕ್ಕೂ ಇದೇ ಕಾರಣ.

ನಿಮ್ಮ ಲೆಕ್ಕವನ್ನೇ ಹಾಕೋಣ. 12,000ಕ್ಕೆ ನೂರಕ್ಕೆ 20ರಂತೆ 2,400 ಪೌಂಡ್ ಬೆಡ್ ಮೇಲೆ ಕೂರುತ್ತದೆ. ಹಿಚ್ಚಿನದೇ ತೂಕ 200 ಅನ್ನಿ, ಸ್ಲೈಡರ್ ಆದರೆ ಇನ್ನೂ ಜಾಸ್ತಿ. ಗಂಡ, ಹೆಂಡತಿ, ಎರಡು ಮಕ್ಕಳು ಸೇರಿ 500. ಕೂಲರ್, ಟೂಲ್ ಡಬ್ಬಿ, ಅಕ್ಕಿ ಮೂಟೆ (ನಮ್ಮವರು ಬಿಡ್ತಾರಾ!) 100. ಒಟ್ಟು 3,200. ಡೀಸೆಲ್ ಎಂಜಿನ್ನೇ ಭಾರ, ಹಾಗಾಗಿ ಮುಕ್ಕಾಲು ಟನ್ ಡೀಸೆಲ್ ಟ್ರಕ್‌ಗಳ ಸ್ಟಿಕ್ಕರ್ ಮೇಲೆ ಎಷ್ಟೋ ಸಲ 2,000ರಿಂದ 2,500ರ ಒಳಗಿನ ಅಂಕಿಯೇ ಇರುತ್ತದೆ. ನಿಮ್ಮದು 2,300 ಇದ್ದರೆ 900 ಪೌಂಡ್ ಹೆಚ್ಚಾಯಿತು. ಎಂಜಿನ್ ಸದ್ದಿಲ್ಲದೆ ಎಳೆಯುತ್ತದೆ, ನಿಜ. ಆದರೆ ಹಿಂದಿನ ಟೈರ್, ಸ್ಪ್ರಿಂಗ್, ಆಕ್ಸಲ್ ಅಷ್ಟು ಹೊರುವುದಕ್ಕೆ ಮಾಡಿದ್ದಲ್ಲ. ಸ್ಪ್ರಿಂಗ್‌ಗೆ ಆಸರೆಯಾಗಿ ಗಾಳಿ ತುಂಬಿದ ಏರ್ ಬ್ಯಾಗ್ ಹಾಕಿಸಿದರೆ ಟ್ರಕ್ಕಿನ ಹಿಂಭಾಗ ಮೇಲೇಳುತ್ತದೆ ಅಷ್ಟೇ, ಸ್ಟಿಕ್ಕರ್ ಮೇಲಿನ ಅಂಕಿ ಬದಲಾಗುವುದಿಲ್ಲ.

ಉಲ್ಟಾ ಲೆಕ್ಕ ಹಾಕಿದರೆ ಇನ್ನೂ ಚೆನ್ನ. 2,300ರಲ್ಲಿ ಹಿಚ್, ಜನ, ಸಾಮಾನು ಸೇರಿ 800 ಕಳೆಯಿರಿ. ಉಳಿದದ್ದು 1,500. ಅದನ್ನು ಐದರಿಂದ ಗುಣಿಸಿ. 7,500 ಪೌಂಡ್. ನಿಮ್ಮ ಟ್ರಕ್‌ಗೆ ನೆಮ್ಮದಿಯಾಗಿ ಒಪ್ಪುವ ಟ್ರೇಲರ್ ಹೆಚ್ಚುಕಡಿಮೆ ಅಷ್ಟು. 12,000ದ್ದೇ ಬೇಕು ಅಂದರೆ ಒಂದು ಟನ್ ದರ್ಜೆಯ ಟ್ರಕ್ ನೋಡಬೇಕು. ಬೇಸರದ ಮಾತು, ಗೊತ್ತು. ಅನುಮಾನ ಇದ್ದರೆ ಸಂಸಾರ ಸಮೇತ ಟ್ಯಾಂಕ್ ತುಂಬಿಸಿ ಯಾವುದಾದರೂ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿ ಚೀಟಿ ಕೊಡುತ್ತಾರೆ.

ಈಗ ಸ್ಲೈಡರ್ ವಿಷಯ. ಇದನ್ನು ತೀರ್ಮಾನಿಸುವುದು ಅಂಗಡಿಯವನಲ್ಲ, ನಿಮ್ಮ ಟೇಪು.

ಟ್ರೇಲರ್ ಮೂತಿಯ ಕೆಳಗೆ ಎರಡು ಇಂಚು ದಪ್ಪದ ಒಂದು ಉಕ್ಕಿನ ಗೂಟ ಇರುತ್ತದೆ. ಅದೇ ಕಿಂಗ್‌ಪಿನ್. ಬೆಡ್‌ನಲ್ಲಿ ಕುದುರೆ ಲಾಳದ ಆಕಾರದ ದಪ್ಪ ಪ್ಲೇಟು. ಪಿನ್ ಆ ಲಾಳದ ಬಾಯಿಗೆ ಬಂದು ಕೂತಾಗ ದವಡೆ ಮುಚ್ಚಿಕೊಳ್ಳುತ್ತದೆ. ಶಿರಾಡಿ ಘಾಟಿ ಹತ್ತುವ ಕಂಟೈನರ್ ಲಾರಿಗಳ ಮೂತಿಗೂ ಹಿಂದಿನ ಟ್ರೇಲರ್‌ಗೂ ಇರುವ ಕೊಂಡಿ ಇದೇ ಜಾತಿಯದು. ಹೆಸರು ಇನ್ನೂ ಹಳೆಯದು. ಕುದುರೆ ಗಾಡಿಯ ಮುಂದಿನ ಆಕ್ಸಲ್ ತಿರುಗಲಿ ಅಂತ ಅದರ ಮೇಲೆ ಒಂದು ಬಳೆಯನ್ನು ಮಲಗಿಸುತ್ತಿದ್ದರು. ನಾಲ್ಕು ಚಕ್ರ ನಿಂತಿದ್ದವು, ಐದನೆಯದು ಮಲಗಿತ್ತು.

ಟ್ರಕ್ ತಿರುಗಿದಾಗ ಟ್ರೇಲರ್ ಈ ಪಿನ್ ಸುತ್ತಲೇ ತಿರುಗುತ್ತದೆ. ಟ್ರೇಲರ್ ಎಂಟು ಅಡಿ ಅಗಲ ಇದ್ದರೆ ಪಿನ್‌ನಿಂದ ಪಕ್ಕದ ಗೋಡೆಗೆ 48 ಇಂಚು. ಎಂಟೂವರೆ ಅಡಿ ಇದ್ದರೆ 51. ಎಲ್ಲರೂ ಹೇಳುವುದು ಇಲ್ಲಿಗೇ ನಿಲ್ಲುತ್ತದೆ. ಆದರೆ ಕ್ಯಾಬಿನ್ ಗಾಜನ್ನು ಒಡೆಯುವುದು ಗೋಡೆಯಲ್ಲ, ಮೂಲೆ. ಮೂತಿ ಪಿನ್‌ಗಿಂತ ಎರಡು ಅಡಿ ಮುಂದೆ ಚಾಚಿದ್ದರೆ ಎಂಟು ಅಡಿ ಟ್ರೇಲರ್‌ನ ಮೂಲೆ ಪಿನ್‌ನಿಂದ ಸುಮಾರು 54 ಇಂಚು ದೂರ. ಅದು ಕ್ಯಾಬಿನ್‌ಗೆ ತೀರ ಹತ್ತಿರ ಬರುವುದು 90 ಡಿಗ್ರಿ ತಿರುವಿನಲ್ಲಲ್ಲ, ಅದಕ್ಕೂ ಮೊದಲೇ, 60-65 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿ ದಾಟಿದರೆ ಆಮೇಲೆ ಸ್ವಲ್ಪ ಜಾಗ ಸಿಗುತ್ತದೆ. ಮೂತಿಯ ಮೂಲೆಗಳನ್ನು ದುಂಡಗೆ ಕೆತ್ತಿದ ಟ್ರೇಲರ್‌ಗಳಲ್ಲಿ ಈ ಅಳತೆ ಚೆನ್ನಾಗಿ ಇಳಿಯುತ್ತದೆ. ಹಳೆಯ ಚೌಕ ಮೂತಿಯವುಗಳಲ್ಲಿ ಇಲ್ಲ.

ಪಿನ್ ಕೂರುವುದು ಹೆಚ್ಚುಕಡಿಮೆ ಹಿಂದಿನ ಆಕ್ಸಲ್‌ನ ನೇರಕ್ಕೆ. ಹಾಗಾಗಿ ಟ್ರಕ್ ಕಡೆಯಿಂದ ಇಷ್ಟೇ ಅಳೆಯಿರಿ: ಹಿಂದಿನ ಆಕ್ಸಲ್‌ನ ನಡುಮಧ್ಯದಿಂದ ಕ್ಯಾಬಿನ್ ಹಿಂಗೋಡೆಗೆ ಎಷ್ಟು? ನನ್ನ ಆರೂವರೆ ಅಡಿ ಬೆಡ್‌ನಲ್ಲಿ 42 ಇಂಚು. ಎಂಟು ಅಡಿ ಬೆಡ್‌ನವರಿಗೆ ಈ ತಲೆನೋವು ಇಲ್ಲವೇ ಇಲ್ಲ ಅನ್ನಬಹುದು. 42 ಎಲ್ಲಿ, 54 ಎಲ್ಲಿ ಅಲ್ವಾ? ಹೆದ್ದಾರಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಕ್ಯಾಂಪ್‌ಗ್ರೌಂಡ್‌ನಲ್ಲಿ ಮರಗಳ ಮಧ್ಯೆ ರಿವರ್ಸ್ ಹಾಕುವಾಗ ಗೊತ್ತಾಗುತ್ತದೆ, ಅದೂ ಗಾಜಿನ ಸದ್ದಿನಲ್ಲಿ.

ಸ್ಲೈಡರ್ ಮಾಡುವುದು ಪಿನ್ ಕೂರುವ ತಲೆಯನ್ನು ಹಿಂದಕ್ಕೆ ಸರಿಸುವ ಕೆಲಸ, ಹೆಚ್ಚುಕಡಿಮೆ ಒಂದು ಅಡಿ. ಕೈಯಿಂದ ಸರಿಸುವ ಹಿಚ್‌ನಲ್ಲಿ ನೀವು ಇಳಿದು ಬಂದು ಹಿಡಿಕೆ ಎಳೆಯಬೇಕು, ಟ್ರೇಲರ್ ಬ್ರೇಕ್ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದೆ ಬಿಡಬೇಕು. ಕೆಲಸ ಮುಗಿದ ಮೇಲೆ ಮತ್ತೆ ಒಳಕ್ಕೆ. ಹೊರಗೆ ಸರಿಸಿಕೊಂಡೇ ರಸ್ತೆಗೆ ಹೋಗುವ ಹಾಗಿಲ್ಲ. ಭಾರ ಆಕ್ಸಲ್ ಹಿಂದೆ ಬಿದ್ದು ಮುಂದಿನ ಚಕ್ರ ಹಗುರಾಗುತ್ತದೆ, ಸ್ಟಿಯರಿಂಗ್ ತೇಲುತ್ತದೆ. ಪುಲ್‌ರೈಟ್ ಕಂಪನಿಯ ಸೂಪರ್‌ಗ್ಲೈಡ್ ಥರದ್ದರಲ್ಲಿ ತಿರುಗಿದಂತೆ ತಾನೇ ಸರಿಯುತ್ತದೆ. ಅದಕ್ಕೆ ಟ್ರೇಲರ್‌ನ ಪಿನ್ ಬಾಕ್ಸ್‌ಗೆ, ಅಂದರೆ ಕಿಂಗ್‌ಪಿನ್ ಹಿಡಿದಿರುವ ಉಕ್ಕಿನ ಪೆಟ್ಟಿಗೆಗೆ, ಒಂದು ಪ್ಲೇಟು ಬೋಲ್ಟ್ ಮಾಡಬೇಕು. ಬೆಲೆಯೂ ಜಾಸ್ತಿ, ತೂಕವೂ ಜಾಸ್ತಿ. ಆ ತೂಕ ಎಲ್ಲಿಂದ ಹೋಗುತ್ತದೆ ಗೊತ್ತಲ್ಲ, ಅದೇ ಸ್ಟಿಕ್ಕರ್ ಅಂಕಿಯಿಂದ.

ನನ್ನ ಅಭಿಪ್ರಾಯ ಕೇಳಿದರೆ, ಆರೂವರೆ ಅಡಿ ಬೆಡ್, ಚೌಕ ಮೂತಿಯ ಹಳೆಯ ಟ್ರೇಲರ್, ಹೊಸ ಡ್ರೈವರ್, ಈ ಮೂರೂ ಇದ್ದಲ್ಲಿ ಸ್ಲೈಡರ್ ಬೇಕು. ಕೈಯಿಂದ ಸರಿಸುವುದು ಸಾಕು. ಇಳಿದು ಎಳೆಯುವ ನೆಪದಲ್ಲಾದರೂ ಒಂದು ಸಲ ಸುತ್ತ ನೋಡುತ್ತೀರಿ. ಮೂತಿ ದುಂಡಗಿರುವ ಸಣ್ಣ ಟ್ರೇಲರ್ ತಗೊಂಡರೆ ಸ್ಥಿರ ಹಿಚ್ಚೇ ಸಾಕಾಗಬಹುದು, ಆದರೆ ಅಳೆಯದೆ ನಂಬಬೇಡಿ. ಹಿಚ್ ಮೇಲಿನ 16,000, 20,000 ಅನ್ನುವ ರೇಟಿಂಗ್ ಟ್ರೇಲರ್‌ನ ಗರಿಷ್ಠ ತೂಕಕ್ಕಿಂತ ಮೇಲಿದ್ದರೆ ಆಯಿತು. 25,000ದ ಹಿಚ್ ಹಾಕಿದರೆ ಟ್ರಕ್ಕಿಗೆ ಬಲ ಬರುವುದಿಲ್ಲ.

ಕೂರಿಸುವ ಮಾತಿಗೆ ಬರೋಣ. ಬೆಡ್ ನೆಲದಲ್ಲಿ ನಾಲ್ಕು ದುಂಡು ಮುಚ್ಚಳ, ನಡುವೆ ಒಂದು ಮುಚ್ಚಳ ಇದೆಯಾ ನೋಡಿ. ಇದ್ದರೆ ನೀವು ಅದೃಷ್ಟವಂತರು. ಕಾರ್ಖಾನೆಯಲ್ಲೇ ಫ್ರೇಮ್‌ಗೆ ತಳಪಾಯ ಹಾಕಿ ಕಳಿಸಿದ್ದಾರೆ. ಅದನ್ನು ಪಕ್ ವ್ಯವಸ್ಥೆ ಅನ್ನುತ್ತಾರೆ. ಅದಕ್ಕೆ ಹೊಂದುವ ಹಿಚ್ಚನ್ನು ಇಳಿಸಿ, ನಾಲ್ಕು ಕಾಲು ತಿರುಗಿಸಿ ಬಿಗಿ ಮಾಡಿದರೆ ಮುಗಿಯಿತು. ನಡುವಿನ ತೂತು ಗೂಸ್‌ನೆಕ್ ಅನ್ನುವ ಇನ್ನೊಂದು ಜಾತಿಯ ಟ್ರೇಲರ್ ಕೂರುವ ಬಾಲ್‌ಗೆ. ಆ ಒಂದೇ ಬಾಲ್ ಮೇಲೆ ಕೂರುವ ಫಿಫ್ತ್ ವೀಲ್ ಹಿಚ್‌ಗಳೂ ಇವೆ. ಆಂಡರ್ಸನ್ ಕಂಪನಿಯ ಅಲ್ಯೂಮಿನಿಯಂನದು ಒಬ್ಬರೇ ಎತ್ತಿಡುವಷ್ಟು ಹಗುರ. ಆದರೆ ಪಿನ್ ಕೆಳಗೆ ಉದ್ದನೆಯ ಕೊಳವೆ ಜೋಡಿಸಿ ಬಾಲ್‌ಗೆ ಇಳಿಸುವ ಅಡಾಪ್ಟರ್ ಬಗ್ಗೆ ನನಗೆ ಹೆದರಿಕೆ. ಅಷ್ಟು ಉದ್ದದ ಸನ್ನೆಕೋಲು ಟ್ರೇಲರ್ ಚಾಸಿಯನ್ನೇ ಮೀಟುತ್ತದೆ.

ಮುಚ್ಚಳ ಇಲ್ಲದಿದ್ದರೆ ತೂತು ಕೊರೆಯಬೇಕು. ಬೆಡ್‌ಗೆ ಅಡ್ಡಲಾಗಿ ಎರಡು ರೇಲ್, ಅವುಗಳ ಬೋಲ್ಟ್ ಬೆಡ್ ದಾಟಿ ಕೆಳಗೆ ಫ್ರೇಮ್‌ಗೆ ಹಿಡಿದ ಬ್ರ್ಯಾಕೆಟ್‌ಗೆ ಹೋಗಬೇಕು. ಬೆಡ್ ತಗಡು ಬರೀ ಮುಚ್ಚಿಗೆ, ಭಾರ ಹೊರುವುದು ಫ್ರೇಮ್. ನಿಮ್ಮ ಮಾಡೆಲ್‌ಗೇ ಮಾಡಿದ ಬ್ರ್ಯಾಕೆಟ್ ಕಿಟ್ ತಗೊಳ್ಳಿ. ಅದು ಫ್ರೇಮ್‌ನಲ್ಲಿ ಆಗಲೇ ಇರುವ ತೂತುಗಳನ್ನೇ ಬಳಸುತ್ತದೆ. ಫ್ರೇಮ್‌ಗೆ ವೆಲ್ಡಿಂಗ್ ಮಾತ್ರ ಬೇಡ, ಬಿಸಿಗೆ ಉಕ್ಕಿನ ಗುಣವೇ ಕೆಡುತ್ತದೆ.

ನಾನೂ ಗೆಳೆಯನೂ ಒಂದು ಶನಿವಾರ ಇಡೀ ಇದನ್ನೇ ಮಾಡಿದೆವು. ಕೊರೆದದ್ದು ಒಂದು ಗಂಟೆ, ಅಳೆದದ್ದು ಮೂರು ಗಂಟೆ. ಪಿನ್ ಬರುವ ಜಾಗ ಆಕ್ಸಲ್‌ನ ಮಧ್ಯಕ್ಕೆ ಸರಿಯಾಗಿ, ಇಲ್ಲವೇ ಒಂದೆರಡು ಇಂಚು ಮುಂದೆ ಇರಬೇಕು. ಗಾರೆಯವರ ಹಾಗೆ ಗುಂಡು-ದಾರ ಇಳಿಬಿಟ್ಟು ಆಕ್ಸಲ್ ಗೆರೆಯನ್ನು ಬೆಡ್ ಅಂಚಿಗೆ ತಂದೆವು. ರೇಲ್‌ನ ಎರಡೂ ತುದಿಯಿಂದ ಎದುರು ಮೂಲೆಗೆ ಅಳೆದಾಗ ಎರಡೂ ಒಂದೇ ಬರಬೇಕು. ನಮ್ಮದು ಮೊದಲ ಸಲ ಕಾಲು ಇಂಚು ಸೊಟ್ಟಗಿತ್ತು. ಆಮೇಲೆ ಗೆಳೆಯ ಟಾರ್ಚ್ ಹಿಡಿದು ಕೆಳಗೆ ಮಲಗಿದ. ನಾನು ಮೇಲಿನಿಂದ ತಟ್ಟಿದೆ, ಅವನು ಕೆಳಗಿನಿಂದ "ಇಲ್ಲಿ ಬ್ರೇಕ್ ಪೈಪ್ ಇದೆ, ಇಲ್ಲಿ ವೈರ್ ಇದೆ" ಅಂತ ಕೂಗಿದ. ಡೀಸೆಲ್ ಟ್ಯಾಂಕ್ ಎಲ್ಲಿದೆ ಅಂತ ಗೊತ್ತಿಲ್ಲದೆ ಡ್ರಿಲ್ ಮುಟ್ಟಲೇಬೇಡಿ. ಮೊದಲು ಸಣ್ಣ ಬಿಟ್, ಕೆಳಗೆ ಸರಿಯಾದ ಜಾಗಕ್ಕೆ ಬಂತಾ ನೋಡಿ, ಆಮೇಲೆ ದೊಡ್ಡದು. ತೂತಿನ ಅಂಚನ್ನು ಅರದಿಂದ ಉಜ್ಜಿ ಪೇಂಟ್ ಹಚ್ಚಿ, ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು.

ಬೆಡ್ ತಗಡಿನ ಏರುತಗ್ಗಿನ ಮೇಲೆ ರೇಲ್ ಕೂರಿಸುವಾಗ ತಗ್ಗಿನಲ್ಲಿ ಇಡಲು ಕಿಟ್‌ನಲ್ಲಿ ಯು ಆಕಾರದ ತುಂಡುಗಳು ಬರುತ್ತವೆ. ಹೆಚ್ಚುವರಿ ಸಾಮಾನು ಅಂತ ಪಕ್ಕಕ್ಕಿಡಬೇಡಿ. ಅವಿಲ್ಲದೆ ಬೋಲ್ಟ್ ಬಿಗಿದರೆ ತಗಡು ಅಪ್ಪಚ್ಚಿಯಾಗುತ್ತದೆ. ಪ್ಲಾಸ್ಟಿಕ್ ಲೈನರ್ ಹಾಸಿದ್ದರೆ ರೇಲ್ ಬರುವಲ್ಲಿ ಕತ್ತರಿಸಿ ತೆಗೆಯಿರಿ. ಬಿಗಿಯುವುದು ಟಾರ್ಕ್ ರೆಂಚ್‌ನಲ್ಲಿ, ಕಿಟ್ ಹೇಳಿದ ಅಂಕಿಗೆ. ಆಮೇಲೆ ಪ್ರತಿ ನಟ್ ಮೇಲೆ ಪೇಂಟ್ ಪೆನ್ನಿಂದ ಒಂದು ಗೆರೆ ಎಳೆಯಿರಿ. ಮೊದಲ ಪ್ರಯಾಣದ ಮೇಲೆ ಗೆರೆ ಸರಿದಿದ್ದರೆ ನಟ್ ಸಡಿಲವಾಗಿದೆ. ಏಳು ಪಿನ್ನಿನ ವೈರ್ ಸಾಕೆಟ್ ಬೆಡ್ ಒಳಗೇ ಒಂದು ಇರಲಿ, ಕೇಬಲ್ ಬಂಪರ್‌ವರೆಗೆ ಎಳೆಯುವುದು ತಪ್ಪುತ್ತದೆ.

ಟ್ರೇಲರ್ ಜೋಡಿಸಿ ಸಮತಟ್ಟು ನೆಲದಲ್ಲಿ ನಿಲ್ಲಿಸಿದಾಗ ಬೆಡ್ ಗೋಡೆಯ ಮೇಲ್ತುದಿಗೂ ಟ್ರೇಲರ್ ಹೊಟ್ಟೆಗೂ ಆರು ಇಂಚಾದರೂ ಅಂತರ ಬೇಕು, ಟ್ರೇಲರ್ ಮಟ್ಟವಾಗಿಯೂ ನಿಲ್ಲಬೇಕು. ಹಿಚ್ ಎತ್ತರ ಬದಲಿಸಿ ಇದನ್ನು ಹೊಂದಿಸಬಹುದು.

ಈಗ ನನ್ನ ತಪ್ಪು. ಮೂರನೆಯ ಪ್ರಯಾಣ, ಅರಿಜೋನಾದಲ್ಲಿ ಒಂದು ಕ್ಯಾಂಪ್‌ಗ್ರೌಂಡ್. ಸಂಜೆಗತ್ತಲು, ಹೊರಡುವ ಆತುರ. ಹಿಮ್ಮುಖವಾಗಿ ಬಂದೆ, ಕ್ಲಿಕ್ ಅಂತ ಸದ್ದು ಕೇಳಿತು, ಹಿಡಿಕೆಯೂ ಒಳಗೆ ಹೋದಂತೆ ಕಂಡಿತು. ಟ್ರೇಲರ್ ಕಾಲು ಮೇಲೆತ್ತಿ ಹೊರಟೆ. ಹತ್ತು ಅಡಿ ಹೋಗಿಲ್ಲ, ಧಡ್ ಅಂತ ಟ್ರೇಲರ್ ಮೂತಿ ಬೆಡ್ ಗೋಡೆಗಳ ಮೇಲೆ ಕೂತಿತು. ಟ್ರೇಲರನ್ನು ಸ್ವಲ್ಪ ಎತ್ತರಕ್ಕೆ ನಿಲ್ಲಿಸಿದ್ದೆ. ಹಾಗಾಗಿ ಪಿನ್ ಪೂರ್ತಿ ಕೆಳಗಿಳಿದಿರಲಿಲ್ಲ. ದವಡೆ ಅದರ ಕುತ್ತಿಗೆ ಹಿಡಿದಿರಲಿಲ್ಲ, ತುದಿಯನ್ನಷ್ಟೇ ಮುಟ್ಟಿತ್ತು. ಹಿಚ್ ಸರಿಯಾಗೇ ಇತ್ತು, ನೋಡದವನು ನಾನು.

ಅಂದಿನಿಂದ ಹೀಗೆ ಮಾಡುತ್ತೇನೆ. ಟ್ರೇಲರ್ ಪ್ಲೇಟನ್ನು ಹಿಚ್ ಪ್ಲೇಟಿಗಿಂತ ಅರ್ಧ ಇಂಚು ಕೆಳಗೇ ಇಟ್ಟು ಹಿಂದೆ ಬರುತ್ತೇನೆ, ಅದು ಉಜ್ಜಿಕೊಂಡು ಮೇಲೇರಬೇಕು. ಟಾರ್ಚ್ ಹಾಕಿ ದವಡೆ ಪಿನ್ನನ್ನು ಸುತ್ತಿದೆಯಾ, ಎರಡು ಪ್ಲೇಟಿನ ನಡುವೆ ಬೆಳಕು ತೂರುತ್ತದೆಯಾ ಅಂತ ಬಗ್ಗಿ ನೋಡುತ್ತೇನೆ. ತೂರಿದರೆ ಬಿಚ್ಚಿ ಮತ್ತೆ ಮೊದಲಿನಿಂದ. ಟ್ರೇಲರ್ ಕಾಲುಗಳು ಇನ್ನೂ ನೆಲಕ್ಕೆ ತಾಗಿಕೊಂಡೇ ಇರುವಾಗ, ಕ್ಯಾಬಿನ್‌ನ ಬ್ರೇಕ್ ಕಂಟ್ರೋಲರ್‌ನಿಂದ ಟ್ರೇಲರ್ ಬ್ರೇಕ್ ಒತ್ತಿ ಹಿಡಿದು ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆಳೆಯುತ್ತೇನೆ. ಬಿಡಲಿಲ್ಲ ಅಂದರೆ ಕಾಲು ಎತ್ತುತ್ತೇನೆ. ಬ್ರೇಕ್‌ಅವೇ ಕೇಬಲ್ಲನ್ನು ಹಿಚ್‌ಗೆ ಕಟ್ಟುವುದಿಲ್ಲ, ಟ್ರಕ್ಕಿಗೇ ಕಟ್ಟುತ್ತೇನೆ. ಹಿಚ್ಚೇ ಕಿತ್ತು ಬಂದರೂ ಟ್ರೇಲರ್ ಬ್ರೇಕ್ ಹಿಡಿಯಬೇಕಲ್ಲ.

ಪಕ್ ಇದ್ದರೆ ನೀವೇ ಕೂರಿಸಿ. ಕೊರೆಯಬೇಕಾದರೆ ಜೊತೆಗೊಬ್ಬರು ಬೇಕು, ಟಾರ್ಕ್ ರೆಂಚ್ ಬೇಕು, ಒಂದು ಪೂರ್ತಿ ದಿನ ಬೇಕು. ಇವುಗಳಲ್ಲಿ ಒಂದಿಲ್ಲದಿದ್ದರೂ ಅಂಗಡಿಯವರ ಕೈಗೆ ಕೊಡಿ, ಆದರೆ ಅಳತೆ ನಿಮ್ಮದೇ ಇರಲಿ. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಿಸುವ ಯೋಚನೆ ಇದ್ದರೆ ಇನ್ನೊಂದು ಮಾತು: ಅಲ್ಲಿ 10,000 ಪೌಂಡ್ ಮೀರಿದ ಫಿಫ್ತ್ ವೀಲ್‌ಗೆ ಸಾಮಾನ್ಯ ಕಾರ್ ಲೈಸೆನ್ಸ್ ಸಾಲದು.

ಆ ಟ್ರೇಲರ್‌ಗೆ ಅಡ್ವಾನ್ಸ್ ಕೊಡುವ ಮೊದಲು ಬಾಗಿಲ ಸ್ಟಿಕ್ಕರ್‌ದೊಂದು ಫೋಟೋ, ಟ್ರೇಲರ್ ಮೂತಿಯನ್ನು ಪಕ್ಕದಿಂದ ತೆಗೆದದ್ದೊಂದು ಫೋಟೋ ಕಳಿಸಿ. ಮೂಲೆ ದುಂಡಗಿದೆಯೋ ಚೌಕವೋ ನೋಡಿ ಹೇಳುತ್ತೇನೆ.