ಕಿಪ್ಲಿಂಗ್‌ನ 'ಲಾಡ್ಜ್' ಮತ್ತು ನಮ್ಮ ಕೈವಾರ

'ಲಾಡ್ಜ್' ಎಂದೊಡನೆ ಚಿಕ್ಕಬಳ್ಳಾಪುರದ ನಮಗೆ ನೆನಪಾಗುವುದು ಬಸ್ ನಿಲ್ದಾಣದ ಬಳಿ ಬಾಡಿಗೆಗೆ ಸಿಗುವ ಕೋಣೆ. ಇಂಗ್ಲಿಷ್ ಲೇಖಕ ರಡ್ಯರ್ಡ್ ಕಿಪ್ಲಿಂಗ್‌ನನ್ನು ಓದಲು ಕೂತಾಗ ಆ ಅರ್ಥವನ್ನು ಮರೆಯಬೇಕು. ಅವನ ಲಾಡ್ಜ್ ಫ್ರೀಮೇಸನ್ನರ ಶಾಖೆ; ಫ್ರೀಮೇಸನ್ನರು ಅಂದರೆ ಗುಟ್ಟಿನ ಗುರುತುಗಳುಳ್ಳ ಒಂದು ಸೋದರ ಸಂಘದವರು. ದೀಕ್ಷೆ ಪಡೆದವರಿಗಷ್ಟೇ ಪ್ರವೇಶ. ಒಳಗೆ ಬಂದವರೆಲ್ಲ ಪರಸ್ಪರ ಸಹೋದರರು. ಕಲ್ಲುಕುಟಿಗರ ಸಲಕರಣೆಗಳೇ ಅವರ ಸಂಕೇತಗಳು: ಮೂಲೆಮಟ್ಟ ಮತ್ತು ಕೈವಾರ. (ತಾತಯ್ಯನವರ ಊರಿನ ಹೆಸರೇ, ಪರೀಕ್ಷೆಯಲ್ಲಿ ಮರೆಯುವ ಭಯವಿಲ್ಲ.)

ಕಿಪ್ಲಿಂಗ್ ದೀಕ್ಷೆ ಪಡೆದದ್ದು 1886ರಲ್ಲಿ, ಲಾಹೋರಿನಲ್ಲಿ. ಆಗ ಅವನಿಗೆ ಇಪ್ಪತ್ತು ವರ್ಷ. ನಿಯಮದಂತೆ ಇಪ್ಪತ್ತೊಂದು ತುಂಬಬೇಕಿತ್ತು, ವಿಶೇಷ ಅನುಮತಿ ಕೊಟ್ಟು ಸೇರಿಸಿಕೊಂಡರು. ಎರಡೇ ವರ್ಷಕ್ಕೆ 'ದ ಮ್ಯಾನ್ ಹೂ ವುಡ್ ಬಿ ಕಿಂಗ್' ಬಂತು.

ಈ ಕಥೆಯ ಆರಂಭವನ್ನು ನಿಧಾನವಾಗಿ ಓದಿ. ರೈಲಿನಲ್ಲಿ ಸಿಕ್ಕ ಅಪರಿಚಿತನೊಬ್ಬ ಪೂರ್ವ, ಪಶ್ಚಿಮ, ತಾಯಿ ಎಂದೆಲ್ಲ ಹೇಳಿ ಒಂದು ಸುದ್ದಿ ಮುಟ್ಟಿಸಲು ಕೇಳುತ್ತಾನೆ. ಹೊರಗಿನವರಿಗೆ ಅದು ಬರೀ ಪ್ರಯಾಣದ ಮಾತು. ಮೇಸನ್ನನಿಗೆ ಗುರುತಿನ ಮಾತು. ಬೆಡಗಿನ ವಚನ ಓದಿದವರಿಗೆ ಈ ಎರಡು ಪದರದ ಭಾಷೆ ಹೊಸದೇನಲ್ಲ. ಆದರೆ ವಚನಕಾರರ ಬೆಡಗು ಅನುಭಾವದ ಕಡೆಗೆ ಕರೆದೊಯ್ದರೆ, ಇಲ್ಲಿನದು ಸಿಂಹಾಸನದ ಕಡೆಗೆ. ಕಥೆಯ ಸಾಹಸಿ ಡ್ರಾವಟ್ ರಾಜನಾಗಲೆಂದು ಅಫ್ಘಾನಿಸ್ತಾನದ ಗುಡ್ಡಗಾಡು ಕಾಫಿರಿಸ್ತಾನಕ್ಕೆ ಹೋಗುತ್ತಾನೆ. ಅಲ್ಲಿನ ದೇಗುಲದ ಕಲ್ಲಿನಡಿ ಅಡಗಿದ್ದ ಚಿಹ್ನೆಯೂ ಅವನ ಮೇಸನ್ ಮೇಲುಡುಪಿನ ಚಿಹ್ನೆಯೂ ಒಂದೇ ಎಂದು ಕಂಡಾಗ ಅಲ್ಲಿನ ಪೂಜಾರಿಗಳು ಅವನನ್ನು ದೇವರೆಂದು ನಂಬುತ್ತಾರೆ. ಅವನು ಮದುವೆಯಾಗಲು ಹೊರಟ ಮದುಮಗಳು ಕಚ್ಚಿದಾಗ ಅವನ ಮೈಯಿಂದ ರಕ್ತ ಬರುತ್ತದೆ. ದೇವರಲ್ಲ ಎಂಬುದು ಅಲ್ಲಿಗೆ ಬಯಲು. ಗುಟ್ಟು ಕೊಟ್ಟ ರಾಜ್ಯ ಗುಟ್ಟಿನೊಂದಿಗೇ ಹೋಗುತ್ತದೆ. ಆದ್ದರಿಂದ ಇಲ್ಲಿ ಮೇಸನ್ ವಿವರಗಳನ್ನು ಅಲಂಕಾರ ಎಂದು ಬರೆಯಬೇಡಿ. ಅವನ್ನು ತೆಗೆದರೆ ಕಥೆಯೇ ನಿಲ್ಲುವುದಿಲ್ಲ.

'ಕಿಮ್' (1901) ಕಾದಂಬರಿಯ ಬಗ್ಗೆ ಒಂದೇ ಮಾತು: ಹುಡುಗನ ಕೊರಳ ತಾಯಿತದಲ್ಲಿರುವುದು ಅವನ ತಂದೆಯ ಮೇಸನ್ ಕಾಗದಗಳು. ಲಾಡ್ಜ್ ಕಟ್ಟಡಕ್ಕೆ ಜನ ಇಟ್ಟ ಹೆಸರು 'ಜಾದೂಘರ್'.

ನನ್ನನ್ನು ಹೆಚ್ಚು ಕಾಡಿದ್ದು 'ದ ಮದರ್ ಲಾಡ್ಜ್' ಕವಿತೆ. ಅಲ್ಲಿ ಹಿಂದೂ ಲೆಕ್ಕಿಗ, ಏಡನ್ನಿನ ಯೆಹೂದಿ, ಸಿಖ್, ಮುಸ್ಲಿಂ ನಕ್ಷೆಗಾರ ಎಲ್ಲರೂ ಇದ್ದಾರೆ. ಹೊರಗೆ ಸಲಾಮು, ಒಳಗೆ 'ಸಹೋದರ'. 'ಬಿಳಿಯರ ಹೊರೆ' ಎಂದು ವಸಾಹತು ಆಳ್ವಿಕೆಯನ್ನು ಸಮರ್ಥಿಸಿ ಬರೆದವನ ಕೈಯಿಂದಲೇ ಬಂದ ಸಾಲುಗಳಿವು! ಅವರೆಲ್ಲ ಒಟ್ಟಿಗೆ ಕೂತು ಹೊಗೆ ಸೇದುತ್ತಾರೆ, ತಂತಮ್ಮ ದೇವರ ಬಗ್ಗೆ ಬೆಳಗಾಗುವವರೆಗೆ ಮಾತನಾಡುತ್ತಾರೆ. ಔತಣ ಮಾತ್ರ ಏರ್ಪಡಿಸುವುದಿಲ್ಲ, ಯಾರದಾದರೂ ಜಾತಿ ಕೆಟ್ಟೀತು ಎಂದು.